'ಮ್ಯಾನ್ ಆನ್ ವೈರ್' ನೋಡಿದೆ, ನಡೆದವನಿಗಿಂತ ತಂತಿ ಎಳೆದವರೇ ತಲೆಯಲ್ಲಿ ಕೂತಿದ್ದಾರೆ

ಕಲ್ಲುಬೆಂಚು
ಶನಿವಾರ ರಾತ್ರಿ ಊಟ ಆದಮೇಲೆ ಸುಮ್ನೆ ಅರ್ಧ ಗಂಟೆ ನೋಡೋಣ ಅಂತ ಹಾಕಿದ್ದು, ಮುಗಿಸಿಯೇ ಎದ್ದೆ. 2008ರ ಸಾಕ್ಷ್ಯಚಿತ್ರ, ಜೇಮ್ಸ್ ಮಾರ್ಷ್ ನಿರ್ದೇಶನ. ಗೊತ್ತಿಲ್ಲದವರಿಗೆ ಕಥೆ ಇಷ್ಟೇ: ಫಿಲಿಪ್ ಪೆಟೀ ಅನ್ನೋ ಫ್ರೆಂಚ್ ಹುಡುಗ, 1974ರ ಆಗಸ್ಟ್ 7ರ ಬೆಳಗ್ಗೆ, ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ಎರಡು ಗೋಪುರಗಳ ನಡುವೆ ಕಳ್ಳತನದಲ್ಲಿ ಉಕ್ಕಿನ ತಂತಿ ಕಟ್ಟಿ ಅದರ ಮೇಲೆ ನಡೆದ. ಕೆಳಗೆ 400 ಮೀಟರಿಗಿಂತ ಜಾಸ್ತಿ ಆಳ. ಬಲೆ ಇಲ್ಲ, ಸೊಂಟಕ್ಕೆ ಹಗ್ಗ ಇಲ್ಲ. ಒಂದು ಸಲ ದಾಟಿ ಬದುಕಿದೆಯಾ ಬಡಜೀವವೇ ಅಂತ ಇಳಿದನಾ, ಅದೂ ಇಲ್ಲ. ಸುಮಾರು 45 ನಿಮಿಷ ಆ ಕಡೆಯಿಂದ ಈ ಕಡೆಗೆ ಎಂಟು ಸಲ ಓಡಾಡಿದ. ನಡುವೆ ಮಂಡಿಯೂರಿದ, ತಂತಿ ಮೇಲೆ ಅಂಗಾತ ಮಲಗಿದ. ಆಗ ಅವನಿಗೆ 25 ತುಂಬಲು ಇನ್ನೂ ಆರು ದಿನ ಬಾಕಿ ಇತ್ತು.

ಇಷ್ಟು ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಹಿಂದಿನ ರಾತ್ರಿಯ ಕಥೆ. ಸಿನಿಮಾದ ಮುಕ್ಕಾಲು ಭಾಗ ಅದೇ. ನಡಿಗೆಗಿಂತ ಜಾಸ್ತಿ ನನ್ನ ಕೈ ಬೆವರಿದ್ದು ಅಲ್ಲಿ. ಉತ್ತರದ ಗೋಪುರದ ಮೇಲೆ ಅವನ ಗೆಳೆಯ ಜಾನ್-ಲೂಯಿ ಬ್ಲಾಂಡೋ ರಾತ್ರಿಯಿಡೀ ಕೇಬಲ್ ಎಳೀತಾನೆ. ತಂತಿ ಮೇಲೆ ಕಾಲಿಡೋದು ಅವನಲ್ಲ, ಪೇಪರಿನಲ್ಲಿ ಹೆಸರು ಬರೋದು ಅವನದಲ್ಲ. ಕೊನೆಯಲ್ಲಿ ಅವನು ಕ್ಯಾಮೆರಾ ಮುಂದೆ ಮಾತಾಡ್ತಾ ಮಾತಾಡ್ತಾ ಅಳೋದಕ್ಕೆ ಶುರು ಮಾಡ್ತಾನೆ ನೋಡಿ, ಅಲ್ಲಿಂದ ನನಗೆ ಪೆಟೀ ಮೇಲೆ ಸ್ವಲ್ಪ ಸಿಟ್ಟೇ ಬಂತು.

ನನ್ನ ಪ್ರಕಾರ ಇದು ಹಗ್ಗದ ಮೇಲೆ ನಡೆದವನ ಸಿನಿಮಾ ಅಲ್ಲ, ಹಗ್ಗ ಕಟ್ಟಿಕೊಟ್ಟು ಹಿಂದೆ ಸರಿದವರ ಸಿನಿಮಾ. ನಿಮಗೆ ಹೇಗನಿಸಿತು?

ಹಳೇಟಾಕೀಸು
ಆಸ್ಕರ್ ಬಂದ ವರ್ಷವೇ ನೋಡಿದ್ದೆ. 2009ರ ಸಮಾರಂಭದಲ್ಲಿ ಪೆಟೀ ವೇದಿಕೆಗೆ ಬಂದು ಆಸ್ಕರ್ ಗೊಂಬೆಯನ್ನೇ ಗದ್ದದ ಮೇಲೆ ತಲೆಕೆಳಗು ನಿಲ್ಲಿಸಿಬಿಟ್ಟಿದ್ದ. ಪ್ರಶಸ್ತಿ ನಿರ್ದೇಶಕನದು, ನಿರ್ಮಾಪಕನದು. ಜನ ನೋಡಿದ್ದು ಇವನನ್ನ. ನಿಮ್ಮ ಮಾತಿಗೆ ಅದೇ ಸಾಕ್ಷಿ ಅಂದುಕೊಳ್ಳಿ.

ಆದರೆ ಒಂದು ಹೇಳ್ತೀನಿ. ಇದನ್ನ ದರೋಡೆ ಸಿನಿಮಾ ತರ ಕಟ್ಟಿದ್ದಾರೆ ಅನ್ನೋದೇ ಇದರ ಗುಟ್ಟು. ವ್ಯಾನ್ ಬರುತ್ತೆ, ಸುಳ್ಳು ಗುರುತಿನ ಚೀಟಿ, ಕೂಲಿ ಕೆಲಸದವರ ವೇಷ, ಲಿಫ್ಟಿನವನಿಗೆ ಒಂದು ಸುಳ್ಳು. ಒಳಗಿನ ಮನುಷ್ಯ ಒಬ್ಬ ಬೇಕಲ್ವಾ, ಅವನೂ ಇದ್ದಾನೆ: ಬ್ಯಾರಿ ಗ್ರೀನ್‌ಹೌಸ್, ಆ ಕಟ್ಟಡದ 82ನೇ ಮಹಡಿಯಲ್ಲಿ ಸರ್ಕಾರಿ ವಿಮಾ ಇಲಾಖೆಯ ನೌಕರ, ತಿರುವಿದ ಮೀಸೆ. ಪೆಟೀ ಪ್ಯಾರಿಸ್ಸಿನ ಬೀದಿಯಲ್ಲಿ ಆಟ ಆಡೋದನ್ನ ಹಿಂದೆ ಯಾವಾಗಲೋ ನೋಡಿದ್ದನಂತೆ. ಕದಿಯೋ ವಸ್ತು ಮಾತ್ರ ಏನೂ ಇಲ್ಲ.

ಇನ್ನೊಂದು ಮಜಾ ಗಮನಿಸಿದಿರಾ? ನಡಿಗೆಯ ವಿಡಿಯೊ ಒಂದೇ ಒಂದು ಸೆಕೆಂಡೂ ಇಲ್ಲ. ಇರೋದು ನಿಂತ ಫೋಟೊಗಳು ಮಾತ್ರ. ಆ ಫೋಟೊಗಳ ಮೇಲೆ ಎರಿಕ್ ಸಾಟಿಯ ಪಿಯಾನೊ ಹಾಕಿ ಬಿಟ್ಟಿದ್ದಾರೆ, ಅಷ್ಟೇ. ನಾನು ಉಸಿರು ಬಿಟ್ಟಿದ್ದು ಆಮೇಲೆ.

ಬಿಸಿಲುನಾಡು
ಸಿನಿಮಾ ಇನ್ನೂ ನೋಡಿಲ್ಲ, ಆದರೂ ಬಾಯಿ ಹಾಕ್ತೀನಿ, ಬೈಬೇಡಿ.

ಚಿಕ್ಕವಳಿದ್ದಾಗ ನಮ್ಮೂರ ಸಂತೆಗೆ ದೊಂಬರು ಬರುತ್ತಿದ್ದರು. ಎರಡು ಕಡೆ ಗಳು ಅಡ್ಡಡ್ಡ ನೆಟ್ಟು ಹಗ್ಗ ಬಿಗಿದು, ಅಪ್ಪ ಡೋಲು ಬಡಿಯೋನು, ಏಳೆಂಟು ವರ್ಷದ ಹುಡುಗಿ ಕೈಯಲ್ಲಿ ಬಿದಿರು ಹಿಡಿದು ಹಗ್ಗ ಹತ್ತೋಳು. ತಲೆ ಮೇಲೆ ಚೊಂಬಿನ ಮೇಲೆ ಚೊಂಬು. ಆಮೇಲೆ ಕಾಲ ಕೆಳಗೆ ತಟ್ಟೆ ಇಟ್ಟುಕೊಂಡು ಸರಸರ ಜಾರೋಳು. ನಾವು ಐದು ಪೈಸೆ, ಹತ್ತು ಪೈಸೆ ಹಾಕಿ, ಚಪ್ಪಾಳೆ ಹೊಡೆದು ಮಿರ್ಚಿ ತಿನ್ನೋಕೆ ಹೋಗುತ್ತಿದ್ದೆವು. ಅವಳ ಹೆಸರು ಯಾರೂ ಕೇಳಲಿಲ್ಲ. ಇವತ್ತಿಗೂ ಯಾರಾದರೂ ಅಸಂಬದ್ಧ ಮಾಡಿದರೆ 'ಏನಿದು ದೊಂಬರಾಟ' ಅಂತೀವಿ. ಫ್ರಾನ್ಸಿನವನು ಮಾಡಿದರೆ ಕಲೆ, ಆಸ್ಕರ್. ಅದಷ್ಟೇ ನನ್ನ ತಕರಾರು.

ಮಧ್ಯಾಹ್ನದನಿದ್ದೆ
@ಬಿಸಿಲುನಾಡು ಎತ್ತರದ ವ್ಯತ್ಯಾಸ ನೋಡಿ ಅಕ್ಕ. ಹತ್ತು ಅಡಿ ಎಲ್ಲಿ, 110 ಮಹಡಿ ಎಲ್ಲಿ.

ಬಿಸಿಲುನಾಡು
@ಮಧ್ಯಾಹ್ನದನಿದ್ದೆ ಹತ್ತು ಅಡಿಯಿಂದ ಮಗು ತಲೆಕೆಳಗಾಗಿ ಬಿದ್ದರೆ ಏನಾಗುತ್ತೆ ಹೇಳು ತಮ್ಮ. ಅವನು ಇಷ್ಟಪಟ್ಟು ಹತ್ತಿದ. ಅವಳು ಸಂಜೆ ಊಟಕ್ಕೆ ಹತ್ತಿದಳು.

ಕಂಬದಮೇಲೆ
ಈ ಚರ್ಚೆಯಲ್ಲಿ ನಾನು ಮಾತಾಡಲೇಬೇಕು, ಯಾಕಂದರೆ ಹದಿನಾರು ವರ್ಷ ಹೈಟೆನ್ಷನ್ ಲೈನ್ ಎಳೆಯೋ ಕೆಲಸದಲ್ಲಿ ಇದ್ದವನು ನಾನು. ಬೆಟ್ಟದಿಂದ ಬೆಟ್ಟಕ್ಕೆ, ಹೊಳೆಯ ಈ ದಡದಿಂದ ಆ ದಡಕ್ಕೆ. ಈ ಸಿನಿಮಾ ನೋಡುವಾಗ ನನ್ನ ಹೆಂಡತಿ ಪೆಟೀನ ನೋಡ್ತಾ ಇದ್ದಳು, ನಾನು ಗಂಟುಗಳನ್ನ ನೋಡ್ತಾ ಇದ್ದೆ.

ಮೊದಲು ಬಿಲ್ಲು ಬಾಣದ ವಿಷಯ. ಜನ ಅದನ್ನ ತಮಾಷೆ ಅಂದುಕೊಳ್ತಾರೆ. ಅಲ್ಲ. ದಪ್ಪ ಕೇಬಲ್ಲನ್ನ ಯಾರೂ ಆ ಕಡೆಗೆ ಎಸೆಯೋಕಾಗಲ್ಲ. ಮೊದಲು ತೆಳು ದಾರ ದಾಟಿಸಬೇಕು, ದಾರಕ್ಕೆ ಹುರಿ ಕಟ್ಟಿ ಎಳೀಬೇಕು, ಹುರಿಗೆ ಹಗ್ಗ, ಹಗ್ಗಕ್ಕೆ ಕೇಬಲ್. ನಾವು ಮಾಡೋದೂ ಅದೇ. ಮೊದಲು ಪೈಲಟ್ ಹಗ್ಗ, ಆಮೇಲೆ ಕಂಡಕ್ಟರ್, ಅಂದರೆ ಕರೆಂಟ್ ಹರಿಯೋ ತಂತಿ. ಈಗ ಡ್ರೋನ್ ಬಂದಿದೆ, ಆಗೆಲ್ಲ ನಮ್ಮ ಹುಡುಗರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೊಳೆ ಈಜುತ್ತಿದ್ದರು. ಅಲ್ಲಿ ಜಾನ್-ಲೂಯಿ ಉತ್ತರ ಗೋಪುರದಿಂದ ಮೀನು ಹಿಡಿಯೋ ದಾರ ಕಟ್ಟಿದ ಬಾಣ ಬಿಟ್ಟ. 60 ಮೀಟರ್ ದೂರ, ಕತ್ತಲು, ಗಾಳಿ. ಬಾಣ ಬಂತು, ದಾರ ಎಲ್ಲಿದೆ ಅಂತ ಕಾಣಲ್ಲ. ಪೆಟೀ ಬಟ್ಟೆಯೆಲ್ಲ ಬಿಚ್ಚಿ ಬರೀ ಮೈಯಲ್ಲಿ ಮಾಡಿನ ಮೇಲೆ ಓಡಾಡ್ತಾನೆ, ದಾರ ಚರ್ಮಕ್ಕೆ ತಾಗಿದರೆ ಗೊತ್ತಾಗುತ್ತೆ ಅಂತ. ಸಿನಿಮಾ ನೋಡುವಾಗ ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ಬುದ್ಧಿವಂತಿಕೆ ಅಂದರೆ ಅದೇ.

ಎರಡನೇದು, ಆ ಕೇಬಲ್ಲಿನ ಭಾರ 200 ಕಿಲೋ ಹತ್ತಿರ. ಅದು ಕೈ ಮೀರಿ ಗೋಪುರಗಳ ನಡುವೆ ಜೋತುಬಿತ್ತು. ಒಮ್ಮೆ ಜಾರೋಕೆ ಶುರುವಾದ ಕೇಬಲ್ಲನ್ನ ಬರೀ ಕೈಯಲ್ಲಿ ನಿಲ್ಲಿಸೋದು ಅಂದರೆ ಏನು ಅಂತ ನನಗೆ ಗೊತ್ತು. ಆ ಕಡೆಯಿಂದ ಅದನ್ನ ಗಂಟೆಗಟ್ಟಲೆ ಎಳೆದು ಮೇಲೆ ತಂದರಲ್ಲ, ಜೊತೆಗಿದ್ದ ಒಬ್ಬ ಇದು ಆಗೋ ಕೆಲಸ ಅಲ್ಲ ಅಂತ ಕೈಬಿಟ್ಟನಲ್ಲ, ಆ ಹೊತ್ತಿನಲ್ಲಿ ಜಾನ್-ಲೂಯಿ ಕೂಡ ಬಿಟ್ಟಿದ್ದರೆ ಪೆಟೀ ಹೆಸರು ಇವತ್ತು ಯಾರಿಗೂ ಗೊತ್ತಿರುತ್ತಿರಲಿಲ್ಲ.

ಬಿಗಿತದ ಲೆಕ್ಕ ಬೇಕಾ? ಅವನ ತೂಕ 60 ಕಿಲೋ ಅಂತ ಇಟ್ಟುಕೊಳ್ಳಿ. ಕೈಯಲ್ಲಿರೋ ಕೋಲು 25 ಕಿಲೋ. ಒಟ್ಟು 85. ತಂತಿ 60 ಮೀಟರ್, ಅವನು ನಡುವೆ ನಿಂತಾಗ ಒಂದು ಮೀಟರ್ ಮಾತ್ರ ಬಾಗಬೇಕು ಅಂದರೆ 85 × 60 ÷ 4, ಅಂದರೆ 1,275 ಕಿಲೋ. ಬರೀ ಅವನೊಬ್ಬನ ಭಾರಕ್ಕೆ ಸುಮಾರು ಒಂದೂಕಾಲು ಟನ್ ಎಳೆತ. ಕೇಬಲ್ಲಿನ ಸ್ವಂತ ಭಾರಕ್ಕೆ ಇನ್ನೂ ಅಷ್ಟೇ ಬೇಕು. ಇದನ್ನ ಕ್ರೇನ್ ಇಲ್ಲದೆ, ಕದ್ದುಮುಚ್ಚಿ, ಕಾವಲುಗಾರ ಬರೋ ಮಹಡಿಯಲ್ಲಿ ಮಾಡಿದ್ದಾರೆ.

ಕಲ್ಲುಬೆಂಚು
@ಕಂಬದಮೇಲೆ ಸರ್, ಇದೇ ಬೇಕಿತ್ತು. ಪಕ್ಕಕ್ಕೆ ಎಳೆದು ಕಟ್ಟಿದ ಹಗ್ಗಗಳು ಯಾಕೆ? ಅದು ನನಗೆ ಅರ್ಥ ಆಗಲಿಲ್ಲ.

ಕಂಬದಮೇಲೆ
ಅದಕ್ಕೆ ಅವರು ಕವಲೆತ್ತಿ ಅಂತಾರೆ, ನಮ್ಮ ಭಾಷೆಯಲ್ಲಿ ಗೈ ಹಗ್ಗ ಅಂದುಕೊಳ್ಳಿ. ಉದ್ದನೆ ತಂತಿ ಎಷ್ಟೇ ಬಿಗಿದರೂ ಪಕ್ಕಕ್ಕೆ ತೂಗುತ್ತೆ, ಸಾಲದ್ದಕ್ಕೆ ತನ್ನ ಸುತ್ತ ತಾನೇ ತಿರುಗುತ್ತೆ. ಹೆಣೆದ ಉಕ್ಕಿನ ಹಗ್ಗಕ್ಕೆ ಎಳೆತ ಬಿದ್ದರೆ ಹೆಣಿಗೆ ಬಿಚ್ಚೋ ಕಡೆಗೆ ತಿರುಗೋದು ಅದರ ಗುಣ. ಕಾಲ ಕೆಳಗೆ ಅದು ತಿರುಗಿದರೆ ಮುಗೀತು ಕಥೆ. ಅದಕ್ಕೇ ಎರಡೂ ಪಕ್ಕಕ್ಕೆ ಹಗ್ಗ ಕಟ್ಟಿ ಹಿಡಿಯೋದು. ಅಲ್ಲಿ ಇನ್ನೂ ಒಂದು ತಲೆನೋವು: ಕಟ್ಟಡಗಳೇ ಗಾಳಿಗೆ ತೂಗುತ್ತವೆ. ಎರಡೂ ಒಂದೇ ಕಡೆ ತೂಗಬೇಕು ಅಂತ ನಿಯಮ ಇಲ್ಲವಲ್ಲ. ಒಂದು ಆ ಕಡೆ, ಒಂದು ಈ ಕಡೆ ಹೋದರೆ ತಂತಿಯ ಎಳೆತ ಏರುತ್ತೆ, ಇಳಿಯುತ್ತೆ.

ಎಂಟು ಮೀಟರ್ ಉದ್ದದ ಕೋಲು ಯಾಕೆ ಅಂತ ನನ್ನ ಮಗ ಕೇಳಿದ. ಮನೆಯಲ್ಲಿ ಕಸಪೊರಕೆ ಉದ್ದಕ್ಕೆ ಹಿಡಿದು ಗರಕ್ಕನೆ ತಿರುಗಿಸಿ ನೋಡು, ಆಮೇಲೆ ಪೆನ್ಸಿಲ್ ತಿರುಗಿಸು ಅಂದೆ. ಉದ್ದನೆ ವಸ್ತು ತಿರುಗೋಕೆ ಸೋಮಾರಿ. ಮೈ ವಾಲೋದು ನಿಧಾನ ಆಗುತ್ತೆ, ಸರಿಮಾಡಿಕೊಳ್ಳೋಕೆ ಸಮಯ ಸಿಗುತ್ತೆ. ಮೇಡಂ ಹೇಳಿದ ಆ ಹುಡುಗಿಯ ಕೈಯಲ್ಲಿದ್ದ ಬಿದಿರಿನ ಕೆಲಸವೂ ಅದೇ.

ಹಗ್ಗ ಕಟ್ಟಿದವರ ಮಾತು ಬಂತಲ್ಲ, ಕಾರ್ಲ್ ವಾಲೆಂಡಾ ಕಥೆ ಕೇಳಿ. ಇಡೀ ಜೀವಮಾನ ತಂತಿ ಮೇಲೆ ಕಳೆದವರು. 1978ರಲ್ಲಿ, 73ನೇ ವಯಸ್ಸಿನಲ್ಲಿ, ಪೋರ್ಟೊರಿಕೊದ ಸಾನ್ ಹುವಾನ್‌ನಲ್ಲಿ ಹೋಟೆಲಿನ ಎರಡು ಕಟ್ಟಡಗಳ ನಡುವೆ ನಡೆಯುವಾಗ ಬಿದ್ದು ತೀರಿಕೊಂಡರು. ಎಲ್ಲರೂ ಗಾಳಿ ಗಾಳಿ ಅಂತಾರೆ. ಅವರ ಮನೆಯವರು ಹೇಳಿದ್ದು, ಪಕ್ಕದ ಹಗ್ಗಗಳನ್ನ ಸರಿಯಾಗಿ ಕಟ್ಟಿರಲಿಲ್ಲ ಅಂತ.

ಘಟ್ಟದಕೆಳಗೆ
ಎಲ್ಲರೂ ಹೊಗಳುತ್ತಿದ್ದೀರಿ, ನಾನೊಬ್ಬ ವಿಲನ್ ಆಗ್ತೀನಿ. ಕೆಳಗೆ ಕೆಲಸಕ್ಕೆ ಹೋಗೋ ಜನ ತುಂಬಿದ ರಸ್ತೆ. ಆ 25 ಕಿಲೋ ಕೋಲು ಒಂದು ಕೈ ಜಾರಿದ್ದರೆ? ತನ್ನ ಪ್ರಾಣ ತನ್ನದು, ಒಪ್ಪಿದೆ. ಕೆಳಗಿನವನ ಪ್ರಾಣ? ನಮ್ಮ ಕಡೆ ಜಲಪಾತದ ಅಂಚಿನಲ್ಲಿ ಸೆಲ್ಫಿ ತೆಗೆಯೋಕೆ ಹೋಗಿ ಬಿದ್ದ ಹುಡುಗರನ್ನ ಹಗ್ಗ ಕಟ್ಟಿ ಎತ್ತೋದನ್ನ ಎರಡು ಸಲ ಕಣ್ಣಾರೆ ನೋಡಿದ್ದೇನೆ. ಆದ್ದರಿಂದ 'ಧೈರ್ಯ' ಅನ್ನೋ ಪದ ಕೇಳಿದರೆ ನನಗೆ ಮೊದಲು ನೆನಪಾಗೋದು ಎತ್ತೋಕೆ ಇಳಿದವರು.

ಹಳೇಟಾಕೀಸು
ತಪ್ಪಿಲ್ಲ ನಿಮ್ಮ ಮಾತು. ಆದರೆ ಸೆಲ್ಫಿಗೂ ಇದಕ್ಕೂ ಹೋಲಿಸಬೇಡಿ ಸ್ವಾಮಿ. ಇವನಿಗೆ ಈ ಹುಚ್ಚು ಹತ್ತಿದ್ದು 1968ರಲ್ಲಿ, ಹಲ್ಲು ಡಾಕ್ಟರ ಹತ್ತಿರ ಕಾಯ್ತಾ ಕೂತಾಗ. ಪೇಪರಿನಲ್ಲಿ ಇನ್ನೂ ಕಟ್ಟಬೇಕಾದ ಗೋಪುರಗಳ ಸುದ್ದಿ. ಜೋರಾಗಿ ಸೀನಿದ ಹಾಗೆ ಮಾಡಿ ಆ ಹಾಳೆ ಹರಿದುಕೊಂಡು, ಹಲ್ಲುನೋವನ್ನೂ ಹಾಗೇ ಇಟ್ಟುಕೊಂಡು ಎದ್ದು ಹೋದನಂತೆ. (ಅವನೇ ಹೇಳೋ ಕಥೆ, ಅವನು ಕಥೆ ಹೇಳೋದರಲ್ಲೂ ಜಾದೂಗಾರ, ಸ್ವಲ್ಪ ಉಪ್ಪುಖಾರ ಇರಬಹುದು.) ಗೋಪುರ ಕಟ್ಟಿ ಮುಗಿಯೋವರೆಗೆ ಕಾದ. ನಡುವೆ 1971ರಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಎರಡು ಗೋಪುರಗಳ ನಡುವೆ, 1973ರಲ್ಲಿ ಸಿಡ್ನಿ ಹಾರ್ಬರ್ ಸೇತುವೆಯಲ್ಲಿ. ಊರಿನ ಹೊಲದಲ್ಲಿ ಅಷ್ಟೇ ಉದ್ದದ ತಂತಿ ಕಟ್ಟಿ, ಗೆಳೆಯರ ಕೈಯಲ್ಲಿ ಅದನ್ನ ಅಲ್ಲಾಡಿಸಿ ಅಭ್ಯಾಸ ಮಾಡಿದ. ಹೆಲಿಕಾಪ್ಟರ್ ಬಾಡಿಗೆಗೆ ತಗೊಂಡು ಮೇಲಿನಿಂದ ಫೋಟೊ ತೆಗೆದ. ಪತ್ರಕರ್ತನ ವೇಷ ಹಾಕಿ ಮಾಡಿನ ಮೇಲಿನ ಕೆಲಸಗಾರರನ್ನ ಮಾತಾಡಿಸಿದ. ಒಮ್ಮೆ ಮೊಳೆ ತುಳಿದು ಊರುಗೋಲಿನಲ್ಲಿ ಬಂದಾಗ, ಗುರುತಿನ ಚೀಟಿ ಕೇಳೋ ಬದಲು ಬಾಗಿಲು ತೆಗೆದು ಬಿಟ್ಟರಂತೆ. ಇಷ್ಟೆಲ್ಲ ಆದಮೇಲೂ ನಿಮಗೆ ಬೇಜವಾಬ್ದಾರಿ ಅನಿಸಿದರೆ ಅದು ಬೇರೆ ಮಾತು.

ಘಟ್ಟದಕೆಳಗೆ
ಆರು ವರ್ಷ ಓದಿ ಕಳ್ಳತನ ಮಾಡಿದರೂ ಕಳ್ಳತನವೇ ಅಲ್ವಾ 😀 ಇರಲಿ, ನೋಡ್ತೀನಿ ಸಿನಿಮಾ.

ಮಧ್ಯಾಹ್ನದನಿದ್ದೆ
ನಮ್ಮ ಚಿತ್ರದುರ್ಗದ ಕೋತಿರಾಜ್ ಕೋಟೆ ಗೋಡೆ ಹತ್ತೋದನ್ನ ಎದುರಿಗೇ ನೋಡಿದವನು ನಾನು. ಬರೀ ಕೈಯಲ್ಲಿ! ಅವರ ಬಗ್ಗೆ ಇಂಥ ಒಂದು ಸಾಕ್ಷ್ಯಚಿತ್ರ ಬಂದರೆ ಮೊದಲ ಟಿಕೆಟ್ ನನ್ನದು.

ಎಡಿಸನ್_ಅಮ್ಮ
ನಾನು ನ್ಯೂಜೆರ್ಸಿಯಲ್ಲಿರುವವಳು. 1998ರಲ್ಲಿ ಇಲ್ಲಿಗೆ ಬಂದೆವು. ಆಗ ನನ್ನ ಆಫೀಸು ಮ್ಯಾನ್‌ಹಾಟನ್ನಿನ ಕೆಳತುದಿಯಲ್ಲಿ. ಪ್ರತಿ ದಿನ ಪಾತ್ ರೈಲಿನಲ್ಲಿ ಬಂದು ಆ ಗೋಪುರಗಳ ಅಡಿಯಲ್ಲೇ ಇಳೀತಾ ಇದ್ದೆ. ಎಸ್ಕಲೇಟರ್ ಹತ್ತಿ ಹೊರಗೆ ಬಂದರೆ ಅವು ಎಷ್ಟು ಎತ್ತರ ಅಂದರೆ, ಕತ್ತೆತ್ತಿದರೂ ತುದಿ ಕಾಣುತ್ತಿರಲಿಲ್ಲ, ಒಂದು ವಾರ ಆದಮೇಲೆ ಕತ್ತೆತ್ತೋದನ್ನೇ ಬಿಟ್ಟೆ. ಊರಿಂದ ಅಪ್ಪ ಅಮ್ಮ ಬಂದಾಗ ದಕ್ಷಿಣ ಗೋಪುರದ ಮೇಲಕ್ಕೆ ಕರೆದುಕೊಂಡು ಹೋಗಿದ್ದೆ. ಅಪ್ಪ ಕಿಟಕಿ ಹತ್ತಿರ ಹೋದರು, ಅಮ್ಮ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಅಲ್ಲೇ ಮೇಲೆ ಎಲ್ಲೋ ಒಂದು ಉಕ್ಕಿನ ತೊಲೆಯ ಮೇಲೆ ಪೆಟೀ ಸಹಿ ಇತ್ತು ಅಂತ ಆಮೇಲೆ ಓದಿ ತಿಳಿದೆ.

ಈ ಸಿನಿಮಾವನ್ನ ಬಹಳ ವರ್ಷ ನೋಡಲಿಲ್ಲ. ಬೇಡ ಅನಿಸುತ್ತಿತ್ತು. ಕೊನೆಗೆ ಮಗಳು ಕೂರಿಸಿ ತೋರಿಸಿದಳು. ಆ ಗೋಪುರಗಳನ್ನ ಉರುಳಿಸಿದ 2001ರ ವಿಮಾನ ದಾಳಿಯ ಬಗ್ಗೆ ಒಂದು ಮಾತು ಕೂಡ ಇಲ್ಲ ಅದರಲ್ಲಿ. ಒಂದೇ ಒಂದು ಮಾತೂ ಇಲ್ಲ. ಆದರೆ ಶುರುವಿನಲ್ಲಿ ಪಾಯ ತೋಡೋ ದೃಶ್ಯ ಬರುತ್ತಲ್ಲ, ಆ ದೊಡ್ಡ ಗುಂಡಿ, ಕಬ್ಬಿಣ, ಧೂಳು. ಅದನ್ನ ಕಟ್ಟುವಾಗ ತೆಗೆದದ್ದು ಅಂತ ಗೊತ್ತಿದ್ದೂ ನಾನು ನೋಡಿದ್ದು ಬೇರೆ ಗುಂಡಿಯನ್ನ. ಮತ್ತೆ ಆ ಒಂದು ಫೋಟೊ, ತಂತಿ ಮೇಲೆ ಅವನು, ಮೇಲೆ ಆಕಾಶದಲ್ಲಿ ವಿಮಾನ. ಮಗಳು ಸಿನಿಮಾ ಅಲ್ಲೇ ನಿಲ್ಲಿಸಿ ನನ್ನ ಮುಖ ನೋಡಿದಳು. ಮುಂದೆ ಹಾಕು ಅಂದೆ.

ಹೇಳದೆ ಇದ್ದದ್ದೇ ಸರಿ ಅಂತ ನನಗನಿಸುತ್ತೆ. ಆ ಗೋಪುರಗಳ ಬಗ್ಗೆ ನಗುನಗುತ್ತಾ ಹೇಳಬಹುದಾದ ಕಥೆ ಒಂದಾದರೂ ಉಳಿಯಲಿ.

ಹಳೇಟಾಕೀಸು
@ಎಡಿಸನ್_ಅಮ್ಮ ಮೇಡಂ, ಈ ಪೋಸ್ಟ್ ಓದಿದ ಮೇಲೆ ಸ್ವಲ್ಪ ಹೊತ್ತು ಏನೂ ಟೈಪ್ ಮಾಡೋಕಾಗಲಿಲ್ಲ.

ಬಿಸಿಲುನಾಡು
ನಿನ್ನೆ ರಾತ್ರಿ ಕೂತು ನೋಡಿದೆ. ನೋಡದೆ ಬಾಯಿ ಹಾಕಿದ್ದು ಅರ್ಧ ತಪ್ಪು, ಅರ್ಧ ಸರಿ.

ತಪ್ಪು ಯಾಕೆ ಅಂದರೆ, ಅವನೂ ಬೀದಿಯವನೇ. ಪ್ಯಾರಿಸ್ಸಿನ ರಸ್ತೆಯಲ್ಲಿ ಸುತ್ತ ಗೆರೆ ಎಳೆದು, ಆಟ ಆಡಿ, ಟೋಪಿ ಹಿಡಿದು ಕಾಸು ಎತ್ತುತ್ತಿದ್ದವನು. ನ್ಯೂಯಾರ್ಕಿನಲ್ಲೂ ಮೊದಲು ಹಿಡಿದು ಕೋಳ ಹಾಕಿದರು. ಮೆಟ್ಟಿಲಲ್ಲಿ ಪೊಲೀಸರು ತಳ್ಳಿದ್ದೇ ಅವತ್ತಿನ ಅತಿ ಅಪಾಯದ ಗಳಿಗೆ ಅಂತಾನೆ. ಆಮೇಲೆ ಸೆಂಟ್ರಲ್ ಪಾರ್ಕಿನಲ್ಲಿ ಮಕ್ಕಳಿಗೆ ಒಂದು ಆಟ ಆಡಿ ತೋರಿಸು, ಕೇಸು ಬಿಡ್ತೀವಿ ಅಂದರು. ಶಿಕ್ಷೆ ಕೊಡಲು ಬಂದವರೇ ಟಿಕೆಟ್ ಇಲ್ಲದೆ ಆಟ ಕೇಳಿದ ಹಾಗಾಯಿತು.

ಸರಿ ಯಾಕೆ ಅಂದರೆ, ಆ ಪೊಲೀಸ್ ಸಾರ್ಜೆಂಟ್ ಇದ್ದಾನಲ್ಲ, ಮೈಕುಗಳ ಮುಂದೆ ನಿಂತು, ಅವನು ನಡೀತಿರಲಿಲ್ಲ, ಕುಣೀತಿದ್ದ ಅಂತ ಬೆರಗಾಗಿ ಹೇಳ್ತಾನೆ. ಹಿಡಿಯೋಕೆ ಹೋದವನ ಬಾಯಲ್ಲಿ ಆ ಮಾತು. ನಮ್ಮೂರ ಸಂತೆಯಲ್ಲಿ ಆ ಹುಡುಗಿಯನ್ನ ಹಾಗೆ ನೋಡಿದವರು ಯಾರೂ ಇರಲಿಲ್ಲ. ನಾನೂ ನೋಡಲಿಲ್ಲ.

ಇನ್ನೊಂದು, ಆನಿ ಬಗ್ಗೆ ಯಾರೂ ಮಾತಾಡಿಲ್ಲ ಯಾಕೆ? ಅವನ ಪ್ರೇಯಸಿ, ವರ್ಷಗಟ್ಟಲೆ ಜೊತೆಗಿದ್ದವಳು. ರಾತ್ರಿ ಹೇಗೆ ಕಳೆದಳೋ, ಬೆಳಗ್ಗೆ ರಸ್ತೆಯಲ್ಲಿ ನಿಂತು ಕತ್ತೆತ್ತಿ ನೋಡ್ತಾಳೆ. ಇಳಿದು ಬಂದವನು ಅವಳ ಹತ್ತಿರ ಬರಲಿಲ್ಲ, ಗುಂಪಿನಲ್ಲಿ ಮೆಚ್ಚಿ ಬಂದ ಇನ್ಯಾರದೋ ಜೊತೆ ಹೋದ. ಅವರಿಬ್ಬರ ಸಂಬಂಧ ಅಲ್ಲಿಗೆ ಮುಗೀತು. ಅದನ್ನ ಅವಳು ಎಷ್ಟು ತಣ್ಣಗೆ ಹೇಳ್ತಾಳೆ ಅಂದರೆ, ನನಗೆ ಜಾನ್-ಲೂಯಿ ಅತ್ತಿದ್ದಕ್ಕಿಂತ ಇದೇ ಜಾಸ್ತಿ ನಾಟಿತು.

ಕಲ್ಲುಬೆಂಚು
ಅಕ್ಕ, ನನ್ನ ಸಿಟ್ಟೂ ಅದೇ. ಎಲ್ಲರೂ ಅವನಿಗೆ ಯಾಕೆ ಮಾಡಿದೆ ಯಾಕೆ ಮಾಡಿದೆ ಅಂತ ಕೇಳಿದರು, ಯಾಕೆ ಅನ್ನೋದೇ ಇಲ್ಲ ಅಂತ ಅವನ ಉತ್ತರ. ಚೆನ್ನಾಗಿದೆ, ಪದ್ಯದ ಹಾಗಿದೆ. ಆದರೆ ನೀನು ಯಾಕೆ ಎಳೆದೆ ಅಂತ ಜಾನ್-ಲೂಯಿಯನ್ನ ಯಾರೂ ಕೇಳಲಿಲ್ಲ. ಅವನಿಗೆ ನಿಜವಾಗಿಯೂ ಒಂದು ಉತ್ತರ ಇದ್ದಿರಬೇಕು.

ಕಂಬದಮೇಲೆ
ಅವನ ಉತ್ತರ ನನಗೆ ಗೊತ್ತಿಲ್ಲ ಕಲ್ಲುಬೆಂಚು, ನಮ್ಮದು ಹೇಳ್ತೀನಿ. ಲೈನ್ ಚಾರ್ಜ್ ಮಾಡೋ ದಿನ, ಅಂದರೆ ಮೊದಲ ಸಲ ಕರೆಂಟ್ ಬಿಡೋ ದಿನ, ದೊಡ್ಡವರು ಬಂದು ಬಟನ್ ಒತ್ತುತ್ತಾರೆ, ಫೋಟೊ ಬರುತ್ತೆ. ನಾವು ಆಗಲೇ ಮುಂದಿನ ಟವರಿನ ಹತ್ತಿರ ಶೆಡ್ ಹಾಕಿರ್ತೀವಿ. ಬೇಸರ ಆಗುತ್ತಾ ಅಂದರೆ, ಆಗಲ್ಲ. ಬಸ್ಸಿನಲ್ಲಿ ಹೋಗುವಾಗ ನಾವು ಎಳೆದ ಲೈನು ಬೆಟ್ಟ ದಾಟಿ ಹೋಗೋದು ಕಂಡರೆ ಪಕ್ಕದವನಿಗೆ ತೋರಿಸಬೇಕು ಅನಿಸುತ್ತೆ, ತೋರಿಸಲ್ಲ. ಆದರೆ ನಮ್ಮಲ್ಲಿ ಯಾರೂ ಗೆಳೆತನದ ಮೇಲೆ ಎಳೆಯಲ್ಲ, ಸಂಬಳಕ್ಕೆ ಎಳೀತೀವಿ. ಅವನು ಗೆಳೆತನಕ್ಕೆ ಎಳೆದ, ಅದಕ್ಕೇ ಅತ್ತ ಅಂತ ಕಾಣುತ್ತೆ.

ಘಟ್ಟದಕೆಳಗೆ
ಈ ಭಾನುವಾರ ಮನೆಯವರೆಲ್ಲ ಕೂತು ನೋಡೋಣ ಅಂತಿದ್ದೇವೆ. ಅತ್ತೆ ಮಾವ ಬಂದಿದ್ದಾರೆ, ಮಗಳಿಗೆ ಒಂಬತ್ತು ವರ್ಷ. ನೋಡಬಹುದಾ?

ಹಳೇಟಾಕೀಸು
ಒಂಬತ್ತಕ್ಕೆ 2015ರಲ್ಲಿ ಇದೇ ಕಥೆ ಮೇಲೆ ಬಂದ 'ದಿ ವಾಕ್' ವಾಸಿ. ರಾಬರ್ಟ್ ಜೆಮೆಕಿಸ್ ಮಾಡಿದ್ದು. ನಡಿಗೆ ಗ್ರಾಫಿಕ್ಸ್‌ನಲ್ಲಿ ಪೂರ್ತಿ ಇದೆ, ಅಂಗೈ ಬೆವರುತ್ತೆ. ನನಗೆ ಫೋಟೊಗಳೇ ಇಷ್ಟ, ಅದು ಬೇರೆ. ಇದನ್ನೇ ನೋಡ್ತೀರಿ ಅಂದರೆ, ಕತ್ತಲಲ್ಲಿ ದಾರ ಹುಡುಕೋ ಜಾಗ ಬಂದಾಗ ಕಾಫಿಗೆ ಏಳಿ. ನಡಿಗೆ ಮುಗಿದ ಮೇಲೆ ಇನ್ನೂ ಒಂದು ಸಲ ಏಳಬೇಕಾಗುತ್ತೆ.

ಘಟ್ಟದಕೆಳಗೆ
ಎರಡು ಸಲ ಕಾಫಿ ಕೊಟ್ಟರೆ ಅತ್ತೆಗೆ ಅನುಮಾನ ಬರುತ್ತೆ. ಒಂದು ಸಲ ಕಾಫಿ, ಇನ್ನೊಂದು ಸಲ ಕರೆಂಟ್ ಹೋಯಿತು ಅಂತ ಮಾಡ್ತೀನಿ. @ಕಂಬದಮೇಲೆ ಸರ್, ಕ್ಷಮಿಸಿ, ಬೈಗುಳ ನಿಮ್ಮ ಇಲಾಖೆಗೆ.